ಬಿಸಿಲು, ಬಿರುಮಳೆ ಎರಡಕ್ಕೂ ಮಾರ್ಚ್‌ನಲ್ಲೇ ಹೇಗೆ ರೆಡಿ ಆಗೋದು

2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿದ್ದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಏಪ್ರಿಲ್ ಪೂರ್ತಿ ಹವಾಮಾನ ಇಲಾಖೆಯೋರ ಸಿಟಿ ಅಳತೆಯಲ್ಲಿ ಲೆಕ್ಕಕ್ಕೆ ಸಿಗೋವಷ್ಟು ಮಳೆ ಬೀಳ್ಲಿಲ್ಲ, 28ನೇ ತಾರೀಕು 38.5 ಡಿಗ್ರಿ ಆಯ್ತು, ಸಾವಿರಾರು ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್‌ಗೆ ಕಾಯ್ತಾ ಕೂತ್ರು, ಅದಾಗಿ ಸ್ವಲ್ಪ ದಿನಕ್ಕೆ ಜೂನ್ 2ಕ್ಕೆ ಒಂದೇ ದಿನ 111 ಮಿಲಿಮೀಟರ್ ಸುರಿದು ನೂರಾರು ಮರ ಉರುಳಿ ಎಷ್ಟೋ ಏರಿಯಾದಲ್ಲಿ ಕರೆಂಟ್ ಇಲ್ಲ. ನಾವು ಸಾಮಾನ್ಯವಾಗಿ ಬಿಸಿಲಿಗೆ ಈಗ ಏನಾದ್ರೂ ಮಾಡೋಣ, ಮಳೆದು ಜೂನ್‌ಗೆ ನೋಡ್ಕೊಳ್ಳೋಣ ಅಂತೀವಿ. ಆದ್ರೆ ನಮ್ಮ ಬಯಲುಸೀಮೆ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಎರಡೂ ಒಂದೇ ದಿನ ಬರತ್ತೆ. ಮಧ್ಯಾಹ್ನದವರೆಗೂ ನೆಲ ಕಾದು ಬಿಸಿಗಾಳಿ ಮೇಲಕ್ಕೆ ಏರತ್ತೆ, ಸಮುದ್ರದ ಕಡೆಯಿಂದ ಬಂದ ತೇವ ಸಿಕ್ಕಿದ್ರೆ ಮೂರು ನಾಲ್ಕು ಗಂಟೆ ಹೊತ್ತಿಗೆ ಮೋಡ ಎತ್ತರಕ್ಕೆ ಬೆಳೆದು ಸಂಜೆ ಗಾಳಿ, ಗುಡುಗು, ಆಲಿಕಲ್ಲು ಎಲ್ಲಾ ಒಟ್ಟಿಗೆ. ಅಂದ್ರೆ ವಿಪರೀತ ಸೆಕೆ ಇದ್ದ ದಿನಾನೇ ಸಂಜೆ ಬಗ್ಗೆ ಜಾಸ್ತಿ ಹುಷಾರಾಗಿರ್ಬೇಕು.

ಮೊದಲು ತಾರಸಿಗೆ ಹತ್ತಿ. ನಿಜವಾಗ್ಲೂ ಅರ್ಧ ಕೆಲಸ ಅಲ್ಲೇ ಇರೋದು. ಮೂಲೆಯಲ್ಲಿ ಮಳೆನೀರಿನ ಪೈಪ್ ಬಾಯಿಗೆ ಹಾಕಿರೋ ಜಾಲರಿ ಎತ್ತಿ ನೋಡಿ, ತಿಂಗಳುಗಟ್ಟಲೆ ಮಳೆ ಇಲ್ದೆ ಪಾರಿವಾಳದ ಪುಕ್ಕ, ಒಣಗಿದ ಹೊಂಗೆ ಎಲೆ, ಹಾಲಿನ ಕವರ್‌ನ ಮೂಲೆ, ಬಟ್ಟೆ ಕ್ಲಿಪ್ಪು ಎಲ್ಲಾ ಧೂಳಿನ ಜೊತೆ ಸೇರಿ ಬೆರಣಿ ಥರ ಗಟ್ಟಿಯಾಗಿ ಕೂತಿರತ್ತೆ. ಮೊದಲ ಜೋರು ಮಳೆಗೆ ನೀರು ಇಳಿಯೋಕೆ ದಾರಿ ಇಲ್ದೆ ತಾರಸಿ ಮೇಲೆ ನಿಂತು, ಮೆಟ್ಟಿಲಿಂದ ಇಳಿದು ಮನೆ ಒಳಗೆ ಬರೋದು ಇದರಿಂದಾನೇ. ಕೈ ಹಾಕಿ ತೆಗೀರಿ, ಬಟ್ಟೆ ಒಗೆದ ನೀರು ಒಂದು ಬಕೆಟ್ ಸುರಿದು ಕೆಳಗೆ ಸರಾಗವಾಗಿ ಬರತ್ತಾ ನೋಡಿ. ಪ್ಯಾರಪೆಟ್ ಮೇಲಿರೋ ಹೂವಿನ ಕುಂಡ ಎಲ್ಲಾ ಕೆಳಗಿಳಿಸಿ. ಸಿಂಟೆಕ್ಸ್ ಮುಚ್ಚಳ ಸರಿಯಾಗಿ ತಿರುಗಿಸಿ ಕಟ್ಟಿ, ಖಾಲಿ ಟ್ಯಾಂಕ್ ಆದ್ರೆ ಟ್ಯಾಂಕನ್ನೇ ಕಟ್ಟಿ, ಯಾಕಂದ್ರೆ ನೀರಿಲ್ಲದ ಟ್ಯಾಂಕ್ ಗಾಳಿಗೆ ಹಾರತ್ತೆ. ಶೀಟ್ ಮನೆ ಇರೋರು ಶೀಟ್ ಮೇಲೆ ಇಟ್ಟಿಗೆ, ಕಲ್ಲು ಹೇರೋದನ್ನ ದಯವಿಟ್ಟು ನಿಲ್ಸಿ, ಗಾಳಿಗೆ ಶೀಟ್ ಎದ್ರೆ ಆ ಕಲ್ಲು ಒಳಗೆ ಮಲಗಿರೋರ ಮೇಲೆ ಬೀಳತ್ತೆ, ಅದರ ಬದಲು ವೆಲ್ಡಿಂಗ್ ಅಂಗಡಿಯೋರನ್ನ ಕರೆಸಿ ಸಡಿಲ ಆಗಿರೋ ಬೋಲ್ಟ್‌ಗಳನ್ನ ಬಿಗಿ ಮಾಡ್ಸಿ.

ತಾರಸಿ ಗುಡಿಸಿದ ಮೇಲೆ ಬಿಳಿ ಸುಣ್ಣ ಬಳೀರಿ. ಅಂಟಿಕೊಳ್ಳೋಕೆ ಸ್ವಲ್ಪ ಫೆವಿಕಾಲ್ ಬೆರೆಸ್ತಾರೆ, ಎರಡು ಕೋಟ್ ಸಾಕು, ಮಳೆ ಶುರುವಾಗೋ ಮುಂಚೆ ಒಣಗ್ಬೇಕು ಅಷ್ಟೇ. ಮೇಲಿನ ಫ್ಲೋರ್‌ನಲ್ಲಿರೋರಿಗೆ ರಾತ್ರಿ ಸೀಲಿಂಗ್‌ನಿಂದ ಇಳಿಯೋ ಕಾವು ಎಷ್ಟು ಕಡಿಮೆ ಆಗತ್ತೆ ಅಂತ ಮೊದಲ ವಾರದಲ್ಲೇ ಗೊತ್ತಾಗತ್ತೆ. ಕಿಟಕಿ ವಿಷ್ಯ ನಾವು ಉಲ್ಟಾ ಮಾಡ್ತೀವಿ, ಸೆಕೆ ಅಂತ ಮಧ್ಯಾಹ್ನ ತೆಗೀತೀವಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಿಟಕಿ ಮುಚ್ಚಿ ಪರದೆ ಎಳೀರಿ, ಹೊರಗಿನ ಗಾಳಿ ಒಳಗಿಗಿಂತ ತಣ್ಣಗಾದ ಮೇಲೆ ತೆಗೀರಿ.

ಈಗ ನೀರು. ಇದು ಸ್ವಲ್ಪ ಲೆಕ್ಕ ಹಾಕಿ ನೋಡೋ ವಿಷ್ಯ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. ಥರ್ಟಿ ಫಾರ್ಟಿ ಸೈಟ್‌ನ ಅಷ್ಟೂ ಜಾಗ ತಾರಸಿ ಅಂತಿಟ್ಕೊಂಡ್ರೆ ಸುಮಾರು 111 ಚದರ ಮೀಟರ್. ಆ ಜೂನ್ 2ರ ಮಳೆ ಅಂಥ ತಾರಸಿ ಮೇಲೆ ಸುರಿದಿದ್ದು ಹನ್ನೆರಡು ಸಾವಿರ ಲೀಟರ್‌ಗಿಂತ ಜಾಸ್ತಿ, ಆವಿ ಆಗಿ ಚೆಲ್ಲಿ ಹೋಗಿದ್ದು ಕಳೆದ್ರೂ ಹತ್ತು ಸಾವಿರ. ಅದಕ್ಕೂ ಮುಂಚೆ ಕೈಕಾಲು ಹಿಡಿದು ಟ್ಯಾಂಕರ್ ತರಿಸ್ಕೊಂಡ ಮನೆಗಳ ಮೇಲಿಂದ ಅಷ್ಟೂ ನೀರು ಮೋರಿಗೆ ಹೋಗಿ ತಗ್ಗಿನಲ್ಲಿರೋರ ಮನೆಗೆ ನುಗ್ತು, ನನಗೆ ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ. ಬೆಂಗಳೂರಲ್ಲಿ ಮಳೆಕೊಯ್ಲು ಕಡ್ಡಾಯ ಅಂತ ಕಾನೂನು ಬಂದಿದ್ದು 2009ರಲ್ಲಿ, ಆದ್ರೆ ಪೈಪ್ ಹಾಕಿ ಫೋಟೋ ತೆಗೆಸಿ ಆಮೇಲೆ ತಿರುಗಿ ನೋಡದೇ ಇರೋ ಮನೆಗಳೇ ಜಾಸ್ತಿ ಅನ್ಸತ್ತೆ. ಫಿಲ್ಟರ್ ಡ್ರಮ್‌ನ ಜಲ್ಲಿ, ಮರಳು ತೊಳೀರಿ, ಫಸ್ಟ್ ಫ್ಲಶ್ ವಾಲ್ವ್ ಆಡತ್ತಾ ನೋಡಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು ಆಮೇಲಿನದನ್ನ ಸಂಪ್‌ಗೆ ತಗೊಳ್ಳಿ. ಸಂಪ್ ತುಂಬಿದ್ರೆ ಉಳಿದಿದ್ದು ಇಂಗುಗುಂಡಿಗೆ ಹೋಗ್ಲಿ. ಬಾಡಿಗೆ ಮನೆಯೋರು ಇಷ್ಟೆಲ್ಲಾ ಮಾಡೋಕಾಗಲ್ಲ ನಿಜ, ಪೈಪ್ ಬಾಯಿಗೆ ಒಂದು ಡ್ರಮ್ ಇಟ್ಟು ಮೇಲೆ ಬಟ್ಟೆ ಕಟ್ಟಿದ್ರೂ ಎರಡು ದಿನ ಟಾಯ್ಲೆಟ್‌ಗೆ, ನೆಲ ಒರೆಸೋಕೆ ಆಗತ್ತೆ. ನಲ್ಲಿ ಬಾಯಿಗೆ ನೀರು ಕಮ್ಮಿ ಬಿಡೋ ಏರೇಟರ್ ಹಾಕ್ಸಿ, ಆರ್‌ಓ ಹೊರಗೆ ಬಿಡೋ ನೀರನ್ನ ಬಕೆಟ್‌ಗೆ ಹಿಡೀರಿ. ಶೇಖರಿಸಿದ ನೀರಿನ ಡ್ರಮ್ ವಾರಕ್ಕೊಮ್ಮೆ ಖಾಲಿ ಮಾಡಿ ಒಳಗಡೆ ಉಜ್ಜಿ ತೊಳೀಬೇಕು, ಡೆಂಗ್ಯೂ ಸೊಳ್ಳೆ ಹುಟ್ಟೋದು ಇಂಥ ತಿಳಿ ನೀರಲ್ಲೇ.

ಮೈ ಬಗ್ಗೆ. ಹವಾಮಾನ ಇಲಾಖೆ ಬಯಲು ಪ್ರದೇಶದಲ್ಲಿ ಬಿಸಿಗಾಳಿ ಅಂತ ಘೋಷಣೆ ಮಾಡೋಕೆ ಕಮ್ಮಿ ಅಂದ್ರೂ 40 ಡಿಗ್ರಿ ಮುಟ್ಟಬೇಕು, ಕರಾವಳಿಗೆ 37. ಹಾಗಾಗಿ ಬೆಂಗಳೂರು, ಮೈಸೂರು ಕಡೆ 38 ಇದ್ದಾಗ ಅಲರ್ಟ್ ಬರ್ಲಿಲ್ಲ ಅಂತ ಸುಮ್ನಿರ್ಬೇಡಿ, ಇಲ್ಲಿನ ಮೈಗೆ ಅಷ್ಟು ಬಿಸಿಲು ಅಭ್ಯಾಸ ಇಲ್ಲ. ಮಂಗಳೂರು, ಕಾರವಾರ ಕಡೆ ಡಿಗ್ರಿ ಕಮ್ಮಿ ಇದ್ರೂ ಬೆವರು ಆರಲ್ಲ, ಅದಿನ್ನೂ ಕಷ್ಟ. ಮಜ್ಜಿಗೆಗೆ ಉಪ್ಪು, ಶುಂಠಿ, ಕರಿಬೇವು ಹಾಕಿ, ರಾಗಿ ಅಂಬಲಿ, ನಿಂಬೆ ಪಾನಕ, ಎಳನೀರು, ಯಾವುದು ಕೈಗೆಟುಕತ್ತೋ ಅದು, ಬಾಯಾರಿಕೆ ಆಗೋವರೆಗೂ ಕಾಯ್ಬೇಡಿ. ಓಆರ್‌ಎಸ್ ಮನೇಲೇ ಮಾಡೋದಾದ್ರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ತಲೆ ಸವರಿ ಹಾಕ್ಬೇಕು. ಬಿಪಿ, ಹಾರ್ಟ್, ಕಿಡ್ನಿ ತೊಂದರೆ ಇರೋರು, ಮೂತ್ರ ಜಾಸ್ತಿ ಹೋಗೋ ಮಾತ್ರೆ ತಗೊಳ್ಳೋರು ಉಪ್ಪು ನೀರಿನ ಲೆಕ್ಕ ಡಾಕ್ಟರ್ ಹತ್ರ ಈಗ್ಲೇ ಕೇಳಿಟ್ಕೊಳ್ಳಿ.

ಯಾರಾದ್ರೂ ಬಿಸಿಲಲ್ಲಿ ಕೆಲಸ ಮಾಡ್ತಾ ಇದ್ದು ಮಾತು ತೊದಲೋಕೆ ಶುರುವಾದ್ರೆ, ಏನೇನೋ ಮಾತಾಡಿದ್ರೆ, ಮೈ ಸುಡ್ತಿದ್ರೆ ಅದು ಬರೀ ಸುಸ್ತಲ್ಲ. ಬೆವರು ಇದೆ ಅಂತ ಧೈರ್ಯ ತಗೋಬೇಡಿ, ಬೆವರ್ತಾನೇ ಹೀಟ್ ಸ್ಟ್ರೋಕ್ ಆಗಬಹುದು. 108ಕ್ಕೆ ಫೋನ್ ಮಾಡಿ, ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈ ಪೂರ್ತಿ ನೀರು ಸುರಿದು ಗಾಳಿ ಹಾಕಿ, ಕುತ್ತಿಗೆ, ಕಂಕುಳು, ತೊಡೆ ಸಂದಿಗೆ ಒದ್ದೆ ಬಟ್ಟೆ ಇಡಿ. ಆಂಬುಲೆನ್ಸ್ ಬರೋವರೆಗೂ ತಣ್ಣಗೆ ಮಾಡೋದನ್ನ ನಿಲ್ಲಿಸ್ಬೇಡಿ. ಎಚ್ಚರ ಸರಿಯಾಗಿ ಇಲ್ಲದೋರ ಬಾಯಿಗೆ ನೀರು ಹಾಕ್ಬಾರದು, ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡಲ್ಲ. ನಿಮ್ಮ ಬೀದಿ ಗುಡಿಸೋ ಪೌರಕಾರ್ಮಿಕರಿಗೆ, ಪಾರ್ಸೆಲ್ ತರೋ ಹುಡುಗರಿಗೆ, ಪಕ್ಕದ ಸೈಟಲ್ಲಿ ಗಾರೆ ಕೆಲಸದೋರಿಗೆ ಗೇಟ್ ಹತ್ರ ಒಂದು ಮಡಕೆ ನೀರು, ಲೋಟ ಇಡಿ, ಮೊದಲು ಕುಸಿಯೋದು ಅವರೇ.

ಇನ್ನು ಸಂಜೆ ಮೋಡ ಎದ್ದಾಗ. ಫೋನಲ್ಲಿ ದಾಮಿನಿ ಆಪ್ ಹಾಕ್ಕೊಳ್ಳಿ, ಪುಣೆಯ ಹವಾಮಾನ ಸಂಸ್ಥೆಯೋರು ಮಾಡಿರೋದು, ಸುತ್ತಮುತ್ತ ಸಿಡಿಲಿನ ಎಚ್ಚರಿಕೆ ಕೊಡತ್ತೆ. ನೆಟ್ ಇಲ್ದಿದ್ರೆ ಕಿವಿನೇ ಸಾಕು, ಮಿಂಚು ಕಂಡು ಮೂವತ್ತು ಎಣಿಸೋದ್ರೊಳಗೆ ಗುಡುಗು ಕೇಳಿದ್ರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಪಕ್ಕಾ ಕಟ್ಟಡದೊಳಗೆ ಹೋಗಿ, ಕೊನೆ ಗುಡುಗು ಕೇಳಿ ಅರ್ಧ ಗಂಟೆ ಆಗೋವರೆಗೂ ಹೊರಗೆ ಬರ್ಬೇಡಿ. ಮಳೆ ಶುರುವಾಗೋ ಮುಂಚೆನೂ ಸಿಡಿಲು ಬಡಿಯತ್ತೆ. ಹಳ್ಳಿ ಕಡೆ ಕುರಿ ಮೇಯಿಸೋರು, ಹೊಲದಲ್ಲಿರೋರು ಹುಣಸೆ ಮರದ ಕೆಳಗೆ ಓಡೋದು ಅಭ್ಯಾಸ, ಅಲ್ಲೇ ಜೀವ ಹೋಗೋದು. ಮನೇಲಿರೋ ಅಮ್ಮ, ಅಜ್ಜಿ ಯಾರಾದ್ರೂ ಮೂರು ಗಂಟೆಗೆ ಒಂದು ಫೋನ್ ಮಾಡಿ ಮೋಡ ಆಗ್ತಿದೆ ಬಂದ್ಬಿಡು ಅಂದ್ರೆ ಸಾಕು. ದನಾನ ಒಂಟಿ ಮರಕ್ಕೆ ಕಟ್ಬೇಡಿ. ಸಿಡಿಲು ಬಡಿದೋರ ಮೈಯಲ್ಲಿ ಕರೆಂಟ್ ಇರಲ್ಲ, ಮುಟ್ಟಬಹುದು, ಉಸಿರಿಲ್ಲ ಅಂದ್ರೆ ತಕ್ಷಣ ಎದೆ ಒತ್ತೋಕೆ ಶುರು ಮಾಡಿ. ಮನೆಯಲ್ಲಿ ಟಿವಿ, ರೌಟರ್, ಫ್ರಿಜ್ ಪ್ಲಗ್‌ಗಳನ್ನ ಗುಡುಗು ದೂರ ಇದ್ದಾಗ್ಲೇ ಕಿತ್ತಿಡಿ.

ರೋಡಲ್ಲಿ ಸಿಕ್ಕಿಹಾಕ್ಕೊಂಡ್ರೆ ಗುಲ್‌ಮೊಹರ್ ಮರ, ದೊಡ್ಡ ಹೋರ್ಡಿಂಗ್, ಕಾಂಪೌಂಡ್ ಗೋಡೆ ಇವುಗಳಿಂದ ದೂರ. 2024ರ ಮೇ 13ಕ್ಕೆ ಮುಂಬೈನ ಘಾಟ್ಕೋಪರ್‌ನಲ್ಲಿ ಧೂಳು ಬಿರುಗಾಳಿಗೆ ಹೋರ್ಡಿಂಗ್ ಪೆಟ್ರೋಲ್ ಬಂಕ್ ಮೇಲೆ ಬಿದ್ದು 17 ಜನ ಹೋದ್ರು. ಅಂಡರ್‌ಪಾಸ್ ವಿಷ್ಯ ಇನ್ನೂ ಖಡಾಖಂಡಿತ, ನೀರು ನಿಂತಿದ್ರೆ ಇಳಿಸ್ಬೇಡಿ, ಮುಂದಿನ ಗಾಡಿ ಹೋಯ್ತು ಅಂತಾನೂ ಇಳಿಸ್ಬೇಡಿ. 2023ರ ಮೇನಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರ್ಕೊಂಡಿದ್ದು ಮಟಮಟ ಮಧ್ಯಾಹ್ನದ ನಂತರದ ಇಂಥದ್ದೇ ಮಳೆಗೆ. ಒಂದಡಿ ಹರಿಯೋ ನೀರು ಸಣ್ಣ ಕಾರನ್ನ ತೇಲಿಸತ್ತೆ. ಅಕಸ್ಮಾತ್ ಸಿಕ್ಕಿಬಿದ್ರೆ ಮೊದಲು ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಕಾರು ಅಲ್ಲೇ ಬಿಟ್ಟು ಹೊರಗೆ ಬನ್ನಿ.

ಮಳೆ ನಿಂತ ಮೇಲೆ ಬಿದ್ದ ವೈರ್ ಹತ್ರ ಯಾರನ್ನೂ ಬಿಡ್ಬೇಡಿ, ಲೈನ್ ಸತ್ತಿದೆ ಅಂತ ನೀವೇ ತೀರ್ಮಾನ ಮಾಡ್ಬೇಡಿ, ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಹೇಳಿ. ಬಾಳೆ, ಮಾವು, ತರಕಾರಿ ಆಲಿಕಲ್ಲಿಗೆ ಹಾಳಾಗಿದ್ರೆ ಫಸಲ್ ಬಿಮಾ ಮಾಡ್ಸಿರೋರು 72 ಗಂಟೆ ಒಳಗೆ ತಿಳಿಸ್ಬೇಕು, ನಿಮ್ಮ ಬೆಳೆ ವಿಮೆಯಲ್ಲಿ ಬರತ್ತಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಮುಂಚೆನೇ ಕೇಳಿಟ್ಕೊಂಡಿರಿ, ಬಿದ್ದ ಗಿಡ ಎತ್ತೋ ಮುಂಚೆ ಫೋಟೋ ತೆಗೀರಿ. ಸಂಪ್‌ಗೆ ರೋಡಿನ ನೀರು ನುಗ್ಗಿದ್ರೆ ಮೋಟಾರ್ ಹಾಕಿ ಮೇಲೆ ಏರಿಸ್ಬೇಡಿ, ಆ ಒಂದ್ಸಲ ಏರಿಸಿದ್ರೆ ಟ್ಯಾಂಕು ಪೈಪು ಎಲ್ಲಾ ಗಲೀಜಾಗತ್ತೆ, ಪೂರ್ತಿ ಖಾಲಿ ಮಾಡ್ಸಿ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿ ಆಮೇಲೆ ತುಂಬಿಸಿ.