ಬೆಂಕಿ ಲೆಕ್ಕಕ್ಕೊಂದು ಅಮಾವಾಸ್ಯೆ ಪುಸ್ತಕ

ಅಗ್ನಿ ಸುರಕ್ಷತೆಯ ದಾಖಲೆಯನ್ನು ಅಡಿಕೆ ಮಂಡಿಯವರ ಖಾತೆ ಪುಸ್ತಕದಲ್ಲಿ ಇಡುತ್ತೇನೆ ಎಂದಾಗ ನಮ್ಮ ಲೆಕ್ಕಪರಿಶೋಧಕರು ನಕ್ಕರು. ಶಿವಮೊಗ್ಗದಲ್ಲಿರುವ ಸಹಪಾಠಿಯೊಬ್ಬ, "ಈ ಕಾಲದಲ್ಲೂ ಪುಸ್ತಕವೇ ಮಾರಾಯ?" ಎಂದ. ಕಳೆದ ತಪಾಸಣೆಯಲ್ಲಿ ಅಧಿಕಾರಿ ಕಾಲು ಗಂಟೆ ಪುಟ ತಿರುವಿ, ಹೆಚ್ಚೇನೂ ಕೇಳದೆ ಹೋದ ಮೇಲೆ ಅದೇ ಸಹಪಾಠಿ ಪುಟಗಳ ಫೋಟೊ ಕೇಳಿದ್ದಾನೆ. ಅವನಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿಯಲ್ಲಿ ಹತ್ತು ಹನ್ನೆರಡು ಹಾಸಿಗೆಯ ನರ್ಸಿಂಗ್ ಹೋಂ. ಕೆಪಿಎಂಇ, ಅಂದರೆ ಖಾಸಗಿ ಆಸ್ಪತ್ರೆಗಳಿಗಿರುವ ರಾಜ್ಯದ ಕಾಯ್ದೆಯ ಕೆಳಗಿನ ನೋಂದಣಿಯ ನವೀಕರಣ ಬಂದಾಗ ಕಡತ ಹುಡುಕುವ ಪಾಡು ನಿಮಗೂ ಗೊತ್ತು. ಮೊದಲು ಪ್ಲಾಸ್ಟಿಕ್ ಫೈಲು ಇಟ್ಟಿದ್ದೆವು. ಆಷಾಢ ಕಳೆಯುವಷ್ಟರಲ್ಲಿ ಬೆಂಕಿ ಆರಿಸುವ ಸಿಲಿಂಡರುಗಳ ರೀಫಿಲ್ ರಸೀದಿಗಳು ಬೂಸ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡವು. ಆಮೇಲೆ ಕಂಪ್ಯೂಟರಿನಲ್ಲಿ ಪಟ್ಟಿ. ಅದನ್ನು ತುಂಬುತ್ತಿದ್ದ ಹುಡುಗ ಮಂಗಳೂರಿಗೆ ಹೋದ, ಪಾಸ್‌ವರ್ಡೂ ಅವನೊಂದಿಗೆ ಹೋಯಿತು. ಮೂರನೆಯದು ದುಬಾರಿ: ವರ್ಷಕ್ಕೆ ಹದಿನೈದು ಸಾವಿರದ ಆಸುಪಾಸು ತೆತ್ತು ಒಂದು ಏಜೆನ್ಸಿಗೆ ವಹಿಸಿದೆವು. ಅವರ ವರದಿಯಲ್ಲಿ ಪ್ರತಿ ಸಾಲಿಗೂ 'ಸರಿ ಇದೆ'. ಪಡಸಾಲೆಯ ಸಿಲಿಂಡರಿನಲ್ಲಿ ಒತ್ತಡ ತೋರಿಸುವ ಮುಳ್ಳು ಹಸಿರು ಪಟ್ಟಿ ಬಿಟ್ಟು ಕೆಳಗಿಳಿದಿತ್ತು. ಅದಕ್ಕೂ 'ಸರಿ ಇದೆ'.

ನಮ್ಮ ಪುಸ್ತಕದಲ್ಲಿ ಆ ಎರಡು ಪದಗಳಿಗೆ ಪ್ರವೇಶವಿಲ್ಲ. ಮುಳ್ಳು ಎಲ್ಲಿ ನಿಂತಿದೆ, ಪಿನ್ನು ಮತ್ತು ಸೀಲು ಇವೆಯೇ, ಮೆಟ್ಟಿಲ ಕೆಳಗೆ ಏನು ತುಂಬಿದ್ದಾರೆ, ಹಿಂಬಾಗಿಲಿನ ಚಿಲಕ ಒಂದೇ ಕೈಗೆ ತೆರೆಯಿತೇ ಎಂದು ಕಂಡದ್ದನ್ನೇ ಬರೆಯಬೇಕು. ಮೆಟ್ಟಿಲಿನ ಅಂಕಣಕ್ಕೆ ಕಾರಣವಿದೆ. 2011ರ ಡಿಸೆಂಬರಿನಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ ಬೆಂಕಿ ಶುರುವಾದದ್ದು ನೆಲಮಾಳಿಗೆಯ ದಾಸ್ತಾನಿನಲ್ಲಿ. ಸತ್ತವರು 90ರ ಆಸುಪಾಸು, ಹೆಚ್ಚಿನವರನ್ನು ಕೊಂದದ್ದು ಹೊಗೆ. ಎಡಪುಟದಲ್ಲಿ ಕಂಡ ದೋಷ, ಬಲಪುಟದಲ್ಲಿ ರಿಪೇರಿಯ ದಿನಾಂಕ ಮತ್ತು ಖರ್ಚು. ಒಮ್ಮೆ ನಮ್ಮ ಸಿಸ್ಟರ್ ಎಡಪುಟದಲ್ಲಿ 'ಆಟೋಕ್ಲೇವ್ ಪ್ಲಗ್, ಮುಟ್ಟಿದರೆ ಬಿಸಿ, ಒಂದು ಕಾಲಿನ ಸುತ್ತ ಕಂದು' ಎಂದು ಬರೆದಿದ್ದರು (ಆಟೋಕ್ಲೇವ್ ಎಂದರೆ ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿರಹಿತ ಮಾಡುವ ಯಂತ್ರ). ಬಿಚ್ಚಿ ನೋಡಿದರೆ ಸಾಕೆಟ್ಟಿನೊಳಗಿನ ತಂತಿ ಸಡಿಲಾಗಿ ಹೊದಿಕೆ ಕರಗಿತ್ತು. ರಿಪೇರಿಗೆ ಮುನ್ನೂರೋ ನಾನ್ನೂರೋ ಆಯಿತು. ಅಧಿಕಾರಿ ಬೆರಳಿಟ್ಟು ಓದಿದ್ದು ಇಂಥ ಸಾಲುಗಳನ್ನೇ. ದೋಷವೇ ಇಲ್ಲದ ಪುಸ್ತಕವನ್ನು ಯಾರು ನಂಬುತ್ತಾರೆ?

ತಿಂಗಳ ತಪಾಸಣೆ ಅಮಾವಾಸ್ಯೆಯಂದು. ಒಂದನೇ ತಾರೀಕು ಎಂದರೆ ಸಂಬಳ, ಬಿಲ್ಲುಗಳ ಗದ್ದಲದಲ್ಲಿ ಮರೆತೇ ಹೋಗುತ್ತದೆ. ಅಮಾವಾಸ್ಯೆಯನ್ನು ಮಲೆನಾಡಿನಲ್ಲಿ ಮರೆಯುವವರಿಲ್ಲ. ಅಂದು ಹೊಸದಾಗಿ ದಾಖಲಾಗುವವರೂ ಕಡಿಮೆ, ಕೈ ಖಾಲಿ ಇರುತ್ತದೆ. ಅಧಿಕ ಮಾಸದ ವರ್ಷ ಹದಿಮೂರು ತಪಾಸಣೆ, ಲಾಭವೇ. ಪುಸ್ತಕದಲ್ಲಿ ಮಾತ್ರ ಇಂಗ್ಲಿಷ್ ತಾರೀಕು.

ಮೀಟರ್ ಬೋರ್ಡಿನ ಪಕ್ಕದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಮುಳ್ಳೇ ಇಲ್ಲ, ತೂಗಿಯೇ ನೋಡಬೇಕು. ಪಕ್ಕದ ಮಂಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಹೊತ್ತುಕೊಂಡು ಹೋಗುತ್ತೇವೆ. ಖಾಲಿ ತೂಕ ಸಿಲಿಂಡರಿನ ಮೇಲೆಯೇ ಕೊರೆದಿರುತ್ತದೆ. ಒಳಗಿನ ಅನಿಲ ಹತ್ತನೇ ಒಂದು ಪಾಲು ಇಳಿದಿದ್ದರೆ ರೀಫಿಲ್. ಪುಡಿಯ ಸಿಲಿಂಡರುಗಳದು ಬೇರೆ ತಕರಾರು, ಪುಡಿ ಗಟ್ಟಿಯಾಗುತ್ತದೆ. ತಲೆಕೆಳಗು ಮಾಡಿ ಸ್ಟೆತೊಸ್ಕೋಪ್ ಇಟ್ಟು ಕೇಳಿದೆ. ಪುಡಿ ಸಡಿಲವಿದ್ದರೆ ಜಾರುವ ಸದ್ದು ಚೆನ್ನಾಗಿ ಕೇಳುತ್ತದೆ. ಸಿಬ್ಬಂದಿ ಬಾಯಿ ಮುಚ್ಚಿಕೊಂಡು ನಕ್ಕರು, ಈಗ ಅವರೂ ಹಾಗೆಯೇ ಕೇಳುತ್ತಾರೆ.

ಪುಸ್ತಕಕ್ಕೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಇನ್ನೂರೈವತ್ತರಷ್ಟು ಕೊಟ್ಟ ನೆನಪು. ಜೆಲ್ ಪೆನ್ನು ತೇವಕ್ಕೆ ಹರಡಿತು, ಬಾಲ್ ಪೆನ್ನೇ ಸರಿ. ಮಾತ್ರೆ ಡಬ್ಬಿಗಳ ಸಿಲಿಕಾ ಪೊಟ್ಟಣ ಕೂಡಿಹಾಕಿ ಬಿಸ್ಕತ್ತಿನ ಡಬ್ಬಿಯಲ್ಲಿ ಪುಸ್ತಕ ಮುಚ್ಚಿಟ್ಟು ನೋಡಿದೆ. ಜುಲೈ ಮಳೆಗೆ ಅವು ಯಾವ ಲೆಕ್ಕ? ಈಗ ಬೇರೊಂದು ಕಡೆ ಇಡುತ್ತೇವೆ, ಒಂದು ಹಾಳೆಯೂ ಮುಗ್ಗಲು ಹಿಡಿದಿಲ್ಲ. ಎಲ್ಲಿ ಎಂದು ಸಹಪಾಠಿಗೂ ಹೇಳಿಲ್ಲ, ನಕ್ಕದ್ದಕ್ಕೆ ಅಷ್ಟಾದರೂ ದಂಡ ಬೇಡವೇ?

ಉಳಿದಿರುವುದು ಹೊಗೆ ಪತ್ತೆ ಯಂತ್ರದ ಕಾಟ. ಮಳೆ ಹುಳುಗಳು ಒಳಗೆ ಹೊಕ್ಕರೆ ನಡುರಾತ್ರಿ ಕೂಗಿಕೊಳ್ಳುತ್ತದೆ. ಸದ್ಯಕ್ಕೆ ಪ್ರತಿ ಅಮಾವಾಸ್ಯೆಗೆ ಮೃದು ಬ್ರಷ್ಷಿನಿಂದ ಒರೆಸಿ, ಪ್ರತಿ ಸುಳ್ಳು ಕೂಗನ್ನೂ ಎಡಪುಟದಲ್ಲಿ ಬರೆಸುತ್ತಿದ್ದೇನೆ.