ಕಾರ್ಬುರೇಟರ್ ಟ್ಯೂನಿಂಗ್: ಸ್ಕ್ರೂ ತಿರುಗಿಸುವ ಮೊದಲು ಗಾಳಿಯ ದಾರಿ ನೋಡಿ

ಮಳೆಗಾಲ ಮುಗಿಯುವ ಹೊತ್ತಿಗೆ ಮಂಗಳೂರು, ಉಡುಪಿ ಕಡೆಯ ಗ್ಯಾರೇಜುಗಳಲ್ಲಿ ಹಳೇ ಬೈಕಿನವರ ದೂರು ಹೆಚ್ಚು ಕಡಿಮೆ ಒಂದೇ. ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆದರೂ ಸಿಗ್ನಲ್‌ನಲ್ಲಿ ಬಂದ್ ಬೀಳುತ್ತದೆ. ಇಂದ್ರಾಳಿ ದಾಟಿ ಮಣಿಪಾಲಕ್ಕೆ ಹತ್ತುವಾಗ ಪಿಕಪ್ಪೇ ಇಲ್ಲ. ಮೆಕ್ಯಾನಿಕ್ ಒಂದು ಕೈಯಲ್ಲಿ ರೇಸ್ ಕೊಡುತ್ತಾ ಇನ್ನೊಂದು ಕೈಯಲ್ಲಿ ಕಾರ್ಬುರೇಟರಿನ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಸ್ಕ್ರೂ ತಿರುಗಿಸಿ, ಶಬ್ದ ಕೇಳಿ, 'ಆಯ್ತು ಹೋಗಿ' ಅನ್ನುತ್ತಾರೆ. ನಾಲ್ಕು ದಿನ ಚೆಂದ ಓಡುತ್ತದೆ, ಮತ್ತೆ ಅದೇ ಕಥೆ.

ಟ್ಯೂನಿಂಗ್ ಅಂದರೆ ಸ್ಕ್ರೂ ತಿರುಗಿಸುವುದು ಅಂತ ಎಲ್ಲರೂ ನಂಬಿಬಿಟ್ಟಿದ್ದಾರೆ. ಸ್ಕ್ರೂ ಕೊನೆಯ ಕೆಲಸ. ಅದಕ್ಕಿಂತ ಮೊದಲು ಗಾಳಿ ಬರುವ ದಾರಿ ಸರಿಯಾಗಬೇಕು, ಆಮೇಲೆ ಪೆಟ್ರೋಲಿನ ದಾರಿ. ಇವೆರಡು ಸರಿಯಿದ್ದರೆ ಸ್ಕ್ರೂ ಐದು ನಿಮಿಷದ ಕೆಲಸ. ಸರಿಯಿಲ್ಲದಿದ್ದರೆ ಇಡೀ ದಿನ ತಿರುಗಿಸಿದರೂ ಅಷ್ಟೇ.

2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದ ಮೇಲೆ ತಯಾರಾದ ಗಾಡಿಗಳಲ್ಲಿ ಬಹುತೇಕ ಎಲ್ಲದಕ್ಕೂ ಕಾರ್ಬುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇದೆ. ಅಂಥ ಗಾಡಿ ಇದ್ದವರಿಗೆ ಈ ಲೇಖನ ಬೇಡ. ಅದಕ್ಕಿಂತ ಹಳೆಯ ಬೈಕ್, ಸ್ಕೂಟರ್ ಇದ್ದವರು ಮುಂದೆ ಓದಿ.

ಒಳಗೆ ಎಂತ ಆಗುತ್ತದೆ?

ಪಿಸ್ಟನ್ ಕೆಳಗೆ ಹೋದಾಗ ಗಾಳಿಯನ್ನು ಎಳೆಯುತ್ತದೆ. ಆ ಗಾಳಿ ಕಾರ್ಬುರೇಟರಿನ ಕಿರಿದಾದ ಗಂಟಲಲ್ಲಿ ಹೋಗುವಾಗ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ಗಾಳಿಯ ಒತ್ತಡ ಹಾಗೇ ಇರುತ್ತದೆ, ಹಾಗಾಗಿ ಪೆಟ್ರೋಲ್ ಜೆಟ್ (ಸಣ್ಣ ತೂತಿನ ಹಿತ್ತಾಳೆ ತುಂಡು) ಮೂಲಕ ಮೇಲೆ ಏರುತ್ತದೆ. ಇಷ್ಟು ತುಂಬಾ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಮುಂದಿನ ಸಂಗತಿ. ಪೆಟ್ರೋಲ್ ನೇರವಾಗಿ ಗಂಟಲಿಗೆ ಬಂದು ಬೀಳುವುದಿಲ್ಲ. ಜೆಟ್ಟಿನ ಮೇಲೆ ಒಂದು ಹಿತ್ತಾಳೆ ಕೊಳವೆ ಇದೆ, ಅದರ ಮೈಯಲ್ಲಿ ಸಣ್ಣ ಸಣ್ಣ ತೂತು. ಆ ತೂತುಗಳಿಂದ ಒಳಗೆ ಬರುವ ಗಾಳಿ ಪೆಟ್ರೋಲಿಗೆ ಸೇರಿ, ಅಲ್ಲೇ ಅದು ನೊರೆಯಾಗುತ್ತದೆ. ಆಮೇಲೆ ಗಂಟಲಿನ ವೇಗದ ಗಾಳಿ ಆ ನೊರೆಯನ್ನು ಒಡೆದು ಮಂಜು ಮಾಡುತ್ತದೆ.

ಅಡಿಕೆ ತೋಟ ಇದ್ದವರಿಗೆ ಇದನ್ನು ವಿವರಿಸುವುದು ಸುಲಭ. ಬೋರ್ಡೋ ಮದ್ದು ಹೊಡೆಯುವಾಗ ನಾಜಲ್ ಸರಿಯಿದ್ದರೆ ಇಡೀ ಗೊನೆಗೆ ಮಂಜಿನ ಹಾಗೆ ಹರಡುತ್ತದೆ, ಕಸ ಕೂತರೆ ದಪ್ಪ ಹನಿ ತೊಟ್ಟಿಕ್ಕುತ್ತದೆ, ಮದ್ದು ಖರ್ಚಾದದ್ದು ಮಾತ್ರ. ಎಂಜಿನ್ನಿಗೂ ದಪ್ಪ ಹನಿ ಹೋದರೆ ಪೂರ್ತಿ ಉರಿಯುವುದಿಲ್ಲ. ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ.

ಲೆಕ್ಕ ಹೇಳುವುದಾದರೆ, 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರಿನಲ್ಲಿ ಹೇಳಿದರೆ 1 ಲೀಟರ್ ಪೆಟ್ರೋಲಿಗೆ 9,000 ಲೀಟರಿನಷ್ಟು ಗಾಳಿ! ಅಷ್ಟು ಗಾಳಿ ಹೋಗುವ ದಾರಿಯನ್ನು ಬಿಟ್ಟು ನಾವು ಬರೀ ಪೆಟ್ರೋಲಿನ ಜೆಟ್ ಊದುತ್ತಾ ಕೂರುತ್ತೇವೆ.

ಮೊದಲು, ಬಿಚ್ಚದೆ ನೋಡುವಂಥದ್ದು

ಏರ್ ಫಿಲ್ಟರ್ ತೆಗೆಯಿರಿ. ಸ್ಪಂಜಿನದ್ದಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ, ಒಣಗಿಸಿ, ಎಂಜಿನ್ ಆಯಿಲ್ ತಾಗಿಸಿ ಮತ್ತೆ ಚೆನ್ನಾಗಿ ಹಿಂಡಿ ಹಾಕಿ. ಕಾಗದದ್ದನ್ನು ತೊಳೆಯಬೇಡಿ, ಬದಲಾಯಿಸಿ. ಫಿಲ್ಟರ್ ಡಬ್ಬಿಯ ಅಡಿಯಲ್ಲಿ ಒಂದು ಸಣ್ಣ ಪೈಪ್ ಇರುತ್ತದೆ, ತುದಿಗೆ ಮುಚ್ಚಳ. ನಮ್ಮ ಮಳೆಗೆ ಅದರಲ್ಲಿ ನೀರು, ಆಯಿಲ್ ತುಂಬಿರುತ್ತದೆ, ಖಾಲಿ ಮಾಡಿ. ಫಿಲ್ಟರ್ ಇಲ್ಲದೆ ಓಡಿಸಿದರೆ ಪಿಕಪ್ ಜಾಸ್ತಿ ಅಂತ ಕೆಲವು ಹುಡುಗರು ತೆಗೆದೇ ಬಿಡುತ್ತಾರೆ. ಧೂಳು ಒಳಗೆ ಹೋಗಿ ಸಿಲಿಂಡರಿನ ಬೋರ್ (ಒಳಗೋಡೆ) ಸವೆದ ಮೇಲೆ ಪಿಕಪ್ಪಿನ ಮಾತೇ ಇಲ್ಲ ಬಿಡಿ.

ಆಮೇಲೆ ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವೆ ಇರುವ ರಬ್ಬರ್ ಪೈಪನ್ನು ಬಗ್ಗಿಸಿ ನೋಡಿ. ಸುಮ್ನೆ ನೋಡಿದರೆ ಕಾಣದ ಬಿರುಕು ಬಗ್ಗಿಸಿದಾಗ ಬಾಯಿ ಬಿಡುತ್ತದೆ. ರೇಸ್ ಬಿಟ್ಟರೂ ಎಂಜಿನ್ ಶಬ್ದ ಕೂಡಲೇ ಇಳಿಯದೆ ಮೇಲೆಯೇ ನಿಂತರೆ ಇಲ್ಲಿಂದ ಕಳ್ಳಗಾಳಿ ಸೇರುತ್ತಿರುವ ಸಾಧ್ಯತೆ ಹೆಚ್ಚು. ಈ ರಬ್ಬರ್ ಒಡೆದಿದ್ದರೆ ಬದಲಾಯಿಸದೆ ಬೇರೆ ಯಾವ ಕೆಲಸಕ್ಕೂ ಅರ್ಥವಿಲ್ಲ.

ಇನ್ನೊಂದು, ಟ್ಯಾಂಕ್ ಮುಚ್ಚಳದ ಗಾಳಿ ತೂತು. ಒಂದಷ್ಟು ದೂರ ಓಡಿ ನಿಂತು, ಮುಚ್ಚಳ ತೆಗೆದು ಹಾಕಿದ ಮೇಲೆ ಮತ್ತೆ ಓಡುತ್ತದೆ ಅಂದರೆ ತೊಂದರೆ ಅಲ್ಲೇ ಇದೆ, ಕಾರ್ಬುರೇಟರ್ ಪಾಪದ್ದು. ಬಟ್ಟಲಿನ ಗಾಳಿ ಪೈಪನ್ನೂ ನೋಡಿ. ಕಣಜ ಅದರೊಳಗೆ ಮಣ್ಣು ಮೆತ್ತಿ ಗೂಡು ಕಟ್ಟುವುದು ನಮ್ಮಲ್ಲಿ ಹೊಸದೇನಲ್ಲ.

ಬಿಚ್ಚುವುದು, ತೊಳೆಯುವುದು

ಎಂಜಿನ್ ಪೂರ್ತಿ ತಣ್ಣಗಿರಲಿ. ಕೆಲಸ ಅಂಗಳದಲ್ಲಿ ಆಗಲಿ, ಒಳಗೆ ಬೇಡ. ಹತ್ತಿರದಲ್ಲಿ ಬೀಡಿ, ಸಿಗರೇಟು, ಒಲೆ ಯಾವುದೂ ಬೇಡ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಇಳಿಸಿ. ಗಾಜು ಯಾಕೆ ಅಂದರೆ ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಬಾಟಲಿ ಓರೆ ಮಾಡಿದಾಗ ಪೆಟ್ರೋಲಿಗೆ ಸೇರದೆ ತಳದಲ್ಲೇ ಉರುಳಾಡುತ್ತದೆ. ನೀರು ಕಂಡರೆ ಟ್ಯಾಂಕನ್ನೂ ಖಾಲಿ ಮಾಡಿ ತೊಳೆಯಬೇಕು, ಇಲ್ಲದಿದ್ದರೆ ಇವತ್ತು ತೊಳೆದ ಕಾರ್ಬುರೇಟರಿಗೆ ನಾಳೆ ಅದೇ ನೀರು ಬರುತ್ತದೆ.

ಪ್ರತಿ ಪೈಪ್, ಪ್ರತಿ ಸ್ಪ್ರಿಂಗ್ ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬಟ್ಟಲಿನ ಸ್ಕ್ರೂಗಳು ಮೆದು. ಸರಿಯಾದ ಅಳತೆಯ ಸ್ಟಾರ್ ಸ್ಕ್ರೂಡ್ರೈವರನ್ನು ಒತ್ತಿ ಹಿಡಿದು ತಿರುಗಿಸಿ, ತಲೆ ತಿಂದರೆ ಮತ್ತೆ ಬಿಚ್ಚುವುದು ದೊಡ್ಡ ತಲೆನೋವು. ಮಿಕ್ಸ್ಚರ್ ಸ್ಕ್ರೂ (ಗಾಳಿ, ಪೆಟ್ರೋಲಿನ ಪ್ರಮಾಣ ಹೊಂದಿಸುವ ಸ್ಕ್ರೂ) ತೆಗೆಯುವ ಮೊದಲು ಅದನ್ನು ನಿಧಾನ ಒಳಗೆ ತಿರುಗಿಸಿ, ಎಷ್ಟು ಸುತ್ತಿಗೆ ಕೂತಿತು ಅಂತ ಎಣಿಸಿ ಬರೆದಿಡಿ. ಕೂತ ಮೇಲೆ ಬಿಗಿ ಮಾಡಬೇಡಿ, ಅದರ ಚೂಪು ತುದಿಯೂ ಕೂರುವ ಜಾಗವೂ ಹಾಳಾಗುತ್ತದೆ.

ಬಟ್ಟಲು ತೆಗೆದರೆ ಕಡಲ ತಡಿಯ ಗಾಡಿಯ ಜಾತಕ ಗೊತ್ತಾಗುತ್ತದೆ. ನೀರು ನಿಂತ ಕಡೆ ಲೋಹ ತಿಂದು ಬಿಳಿ ಹುಡಿ ಆಗಿರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಒಣಗಿ ಕಂದು ಅಂಟಾಗಿರುತ್ತದೆ, ಹಿತ್ತಾಳೆಗೆ ಹಸಿರು ಹಿಡಿದಿರುತ್ತದೆ. ಮೇನ್ ಜೆಟ್ (ಹೆಚ್ಚು ರೇಸಿಗೆ ಪೆಟ್ರೋಲ್ ಕೊಡುವುದು), ಪೈಲಟ್ ಜೆಟ್ (ಕಡಿಮೆ ರೇಸಿಗೆ ಕೊಡುವುದು), ತೂತಿನ ಕೊಳವೆ ಮೂರನ್ನೂ ತೆಗೆಯಿರಿ. ಪೈಲಟ್ ಜೆಟ್ಟಿನ ತೂತು ಎಷ್ಟು ಸಣ್ಣದೆಂದರೆ ಸೂರ್ಯನ ಬೆಳಕಿಗೆ ಹಿಡಿದರೆ ಮಾತ್ರ ಒಂದು ಚುಕ್ಕಿ ಕಾಣುತ್ತದೆ. ಆ ಚುಕ್ಕಿ ಪೂರ್ತಿ ದುಂಡಗೆ ಕಾಣಬೇಕು. ಅರ್ಧ ಚಂದ್ರನಾಗಿ ಕಂಡರೆ ಇನ್ನೂ ಕಸ ಇದೆ ಅಂತ ಅರ್ಥ. ಪಿನ್ನು, ಉಕ್ಕಿನ ತಂತಿ ಹಾಕಿ ಕೆರೆಯಬೇಡಿ ಮಾರಾಯ್ರೇ, ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಆ ಜೆಟ್ ಮುಗಿಯಿತು. ಕಾರ್ಬ್ ಕ್ಲೀನರ್ ಸ್ಪ್ರೇಯಲ್ಲಿ ನೆನೆಸಿಟ್ಟು, ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿದರೆ ಹೆಚ್ಚಿನ ಕಸ ಬರುತ್ತದೆ. ಅದಕ್ಕೂ ಜಗ್ಗದಿದ್ದರೆ ಅದೇ ನಂಬರಿನ ಹೊಸ ಜೆಟ್ ಹಾಕಿ.

ಈಗ ಎಲ್ಲರೂ ಮರೆಯುವ ಕೆಲಸ. ಕಾರ್ಬುರೇಟರನ್ನು ತಿರುಗಿಸಿ ಏರ್ ಫಿಲ್ಟರ್ ಕಡೆಯ ಬಾಯಿ ನೋಡಿ. ಅಂಚಿನಲ್ಲಿ ಒಂದೆರಡು ಸಣ್ಣ ತೂತು ಕಾಣುತ್ತದೆ. ನೊರೆ ಮಾಡುವ ಗಾಳಿ ಹೋಗುವುದು ಇಲ್ಲಿಂದಲೇ. ಫಿಲ್ಟರಿನ ಆಯಿಲ್, ಧೂಳು ಸೇರಿ ಇದು ಮುಚ್ಚಿದ್ದರೆ ಜೆಟ್ ಎಷ್ಟು ಫಳಫಳ ಹೊಳೆದರೂ ಪೆಟ್ರೋಲ್ ದಪ್ಪ ಹನಿಯಾಗಿಯೇ ಬರುತ್ತದೆ. ಪ್ರತಿ ತೂತಿಗೂ ಸ್ಪ್ರೇ ಹೊಡೆದು, ಅದು ಇನ್ನೊಂದು ಕಡೆಯಿಂದ ಹೊರಗೆ ಚಿಮ್ಮುತ್ತದೋ ನೋಡಿ. ಕನ್ನಡಕ ಹಾಕಿಕೊಳ್ಳಿ, ಅದು ಎಲ್ಲಿಂದ ಚಿಮ್ಮುತ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ. ಹಿತ್ತಾಳೆ ಕೊಳವೆಯ ಪಕ್ಕದ ತೂತುಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ.

ರಬ್ಬರ್ ಭಾಗಗಳನ್ನು ಸ್ಪ್ರೇ ಹೊಡೆಯುವ ಮೊದಲೇ ತೆಗೆದಿಡಬೇಕು. ಸ್ಕೂಟರ್ ಮತ್ತು ದೊಡ್ಡ ಬೈಕುಗಳ ಕಾರ್ಬುರೇಟರಿನ ಮೇಲ್ಭಾಗದಲ್ಲಿ ತೆಳ್ಳಗಿನ ರಬ್ಬರ್ ಡಯಾಫ್ರಾಮ್ ಇದ್ದರೆ ಅದಕ್ಕಂತೂ ಸ್ಪ್ರೇ ತಾಗಲೇಬಾರದು. ಅದರಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಗಾಡಿ ಮೇಲೆ ಎಳೆಯುವುದಿಲ್ಲ.

ಬಟ್ಟಲಿನ ಮಟ್ಟ

ಬಟ್ಟಲಿನಲ್ಲಿ ತೇಲುತ್ತಾ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ತಪ್ಪು ಮಟ್ಟದಲ್ಲಿದ್ದರೆ ಎಲ್ಲಾ ಲೆಕ್ಕವೂ ತಪ್ಪುತ್ತದೆ. ಪೆಟ್ರೋಲ್ ಮೇಲೆ ನಿಂತರೆ ಎಲ್ಲಾ ವೇಗದಲ್ಲೂ ಜಾಸ್ತಿ ಹೋಗುತ್ತದೆ, ಕೆಳಗೆ ನಿಂತರೆ ಕಡಿಮೆ. ಎಷ್ಟು ಮಿಲಿಮೀಟರ್ ಅನ್ನುವುದು ಗಾಡಿಯ ಮ್ಯಾನುಯಲ್‌ನಲ್ಲಿ ಇರುತ್ತದೆ. ಡ್ರೈನ್ ಬಾಯಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಮೇಲಕ್ಕೆ ಹಿಡಿದು ಸ್ಕ್ರೂ ಸಡಿಲಿಸಿದರೆ ಒಳಗಿನ ಮಟ್ಟ ಪೈಪಿನಲ್ಲೇ ಕಾಣುತ್ತದೆ. ಓವರ್‌ಫ್ಲೋ ಆಗುತ್ತಿದ್ದರೆ ಫ್ಲೋಟಿನ ಸೂಜಿಯ ತುದಿ ನೋಡಿ, ಸುತ್ತ ಉಂಗುರದ ಹಾಗೆ ಸವೆದ ಗೆರೆ ಇದ್ದರೆ ಸೂಜಿ ಹೋಯಿತು.

ಈಗ ಸ್ಕ್ರೂ

ಎಲ್ಲಾ ಜೋಡಿಸಿ, ಹತ್ತು ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡಿ. ತಣ್ಣಗಿರುವಾಗ ಮಾಡಿದ ಟ್ಯೂನಿಂಗ್ ಬಿಸಿಯಾದ ಮೇಲೆ ನಿಲ್ಲುವುದಿಲ್ಲ.

ನಿಮ್ಮ ಮಿಕ್ಸ್ಚರ್ ಸ್ಕ್ರೂ ಯಾವ ಕಡೆ ಇದೆ ಅನ್ನುವುದು ಮುಖ್ಯ. ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯ ಸ್ಕ್ರೂ, ಒಳಗೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿಯಾಗುತ್ತದೆ. ಎಂಜಿನ್ ಕಡೆ ಇದ್ದರೆ ಪೂರ್ತಿ ಉಲ್ಟಾ, ಒಳಗೆ ತಿರುಗಿಸಿದರೆ ಪೆಟ್ರೋಲೇ ಕಡಿಮೆ. 'ಮೈಲೇಜಿಗೆ ಅರ್ಧ ಸುತ್ತು ಟೈಟ್ ಮಾಡು' ಅನ್ನುವ ಸಲಹೆ ಒಂದು ಗಾಡಿಗೆ ಸರಿಯಾಗಿ ಇನ್ನೊಂದಕ್ಕೆ ತಪ್ಪಾಗುವುದು ಇದಕ್ಕೇ.

ಬರೆದಿಟ್ಟ ಸುತ್ತಿನಿಂದ, ಇಲ್ಲವೇ ಮ್ಯಾನುಯಲ್‌ನ ಸುತ್ತಿನಿಂದ ಶುರು ಮಾಡಿ. ಕಾಲು ಸುತ್ತು ತಿರುಗಿಸಿ, ಎಂಜಿನ್ ಹೊಂದಿಕೊಳ್ಳಲು ಸ್ವಲ್ಪ ಬಿಡಿ, ಮತ್ತೆ ಕಾಲು ಸುತ್ತು. ಶಬ್ದ ಅತಿ ಮೇಲೆ ಹೋಗಿ ಸಮನಾಗಿ ಓಡುವ ಜಾಗ ಒಂದು ಸಿಗುತ್ತದೆ. ಆಮೇಲೆ ಐಡ್ಲಿಂಗ್ (ರೇಸ್ ಕೊಡದಿದ್ದಾಗಿನ ಓಟ) ಸ್ಕ್ರೂನಿಂದ ಸ್ಪೀಡ್ ಇಳಿಸಿ, ಮತ್ತೆ ಮಿಕ್ಸ್ಚರ್ ಸ್ಕ್ರೂನಿಂದ ಅತಿ ಮೇಲಿನ ಜಾಗ ಹುಡುಕಿ, ಕೊನೆಗೆ ಮ್ಯಾನುಯಲ್ ಹೇಳಿದ ಐಡ್ಲಿಂಗಿಗೆ ತನ್ನಿ. ಸ್ಕ್ರೂ ಪೂರ್ತಿ ಒಳಗೆ ಹೋದರೂ ಎಂಜಿನ್‌ನಲ್ಲಿ ಬದಲಾವಣೆಯೇ ಇಲ್ಲವೆಂದರೆ ಪೈಲಟ್ ದಾರಿ ಇನ್ನೂ ಕಟ್ಟಿದೆ, ಇಲ್ಲವೇ ಐಡ್ಲಿಂಗ್ ಸ್ಕ್ರೂ ತುಂಬಾ ಎತ್ತಿದ್ದೀರಿ. ಎರಡು ಸ್ಟ್ರೋಕಿನ ಹಳೇ ಬೈಕ್ ಇದ್ದವರು ಪೆಟ್ರೋಲ್ ಕಡಿಮೆ ಮಾಡುವ ಆಸೆ ಬಿಡಿ. ಅದರ ಆಯಿಲೂ ಪೆಟ್ರೋಲಿನ ಜೊತೆಗೇ ಸಿಲಿಂಡರಿಗೆ ಹೋಗುವುದು, ಕಡಿಮೆ ಪೆಟ್ರೋಲಿನಲ್ಲಿ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಈ ಸ್ಕ್ರೂನ ಅಧಿಕಾರ ಐಡ್ಲಿಂಗ್‌ನಿಂದ ಸುಮಾರು ಕಾಲು ಥ್ರಾಟಲ್ ತನಕ ಮಾತ್ರ. ಕಾಲಿನಿಂದ ಮುಕ್ಕಾಲರ ತನಕ ಜೆಟ್ ಸೂಜಿ (ರೇಸ್ ಕೊಟ್ಟ ಹಾಗೆ ಮೇಲೆ ಏರುವ ಸೂಜಿ, ಫ್ಲೋಟಿನದ್ದಲ್ಲ), ಅದರ ಮೇಲೆ ಮೇನ್ ಜೆಟ್. ಮಧ್ಯದ ವೇಗದಲ್ಲಿ ಮಿಸ್ಸಿಂಗ್ ಹೊಡೆದರೆ ಸ್ಕ್ರೂ ಮುಟ್ಟಿ ಪ್ರಯೋಜನವಿಲ್ಲ. ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗೆ ಹಾಕಿದರೆ ಸೂಜಿ ಮೇಲೆ ಏರಿ ಪೆಟ್ರೋಲ್ ಜಾಸ್ತಿಯಾಗುತ್ತದೆ, ಕ್ಲಿಪ್ ಮೇಲೆ ಹಾಕಿದರೆ ಕಡಿಮೆ. ಯಾವುದು ಬೇಕು ಅಂತ ತಿಳಿಯಲು ಬಿಸಿ ಎಂಜಿನ್‌ನಲ್ಲಿ ಚೋಕ್ ಸ್ವಲ್ಪ ಎಳೆದು ನೋಡಿ: ಓಟ ಸುಧಾರಿಸಿದರೆ ಪೆಟ್ರೋಲ್ ಸಾಲದು, ಕೆಟ್ಟರೆ ಕಡಿಮೆಯಂತೂ ಇಲ್ಲ. ಪ್ಲಗ್ಗೂ ಹೇಳುತ್ತದೆ. ತಿಳಿ ಕಂದು ಇದ್ದರೆ ಸರಿ, ಮಸಿ ಕಪ್ಪಾದರೆ ಪೆಟ್ರೋಲ್ ಜಾಸ್ತಿ, ಸುಣ್ಣದ ಬಿಳಿ ಬಂದರೆ ಕಡಿಮೆ. ಎಮಿಶನ್ ಟೆಸ್ಟಿನ ಚೀಟಿಯನ್ನು ಪೊಲೀಸರಿಗೆ ತೋರಿಸಲು ಮಾತ್ರ ಇಟ್ಟುಕೊಳ್ಳಬೇಡಿ, ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಅಂಕಿ ಇರುತ್ತದೆ. ಅದು ಮೇಲಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಅಷ್ಟು ಕಡಿಮೆ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಅಳತೆ ಸಿಗುವುದಿಲ್ಲ.

ಇ20 ಬಂದ ಮೇಲೆ

2023ರಿಂದ ಬಂಕುಗಳಿಗೆ 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್ ಬರಲು ಶುರುವಾಯಿತು. ಇದರ 1 ಕಿಲೋಗೆ ಬೇಕಾದ ಗಾಳಿ 14.7 ಕಿಲೋ ಅಲ್ಲ, ಹೆಚ್ಚು ಕಡಿಮೆ 13.5. ಇಂಜೆಕ್ಷನ್ ಗಾಡಿ ತಾನೇ ಅರಿತು ಹೊಂದಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಅಂಥ ಬುದ್ಧಿ ಇಲ್ಲ, ಹಳೇ ಲೆಕ್ಕದಲ್ಲೇ ಕೊಡುತ್ತದೆ, ಹಾಗಾಗಿ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾದ ಹಾಗೆ ಆಗುತ್ತದೆ. ತೊಳೆದು ಎಲ್ಲಾ ಸರಿ ಮಾಡಿದ ಮೇಲೂ ಪ್ಲಗ್ ಬಿಳಿ, ಪಿಕಪ್ ಎಳೆದ ಹಾಗೆ ಇದ್ದರೆ ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಇಳಿಸಿ ನೋಡಿ, ಮೇಲಿನ ವೇಗದಲ್ಲೂ ಹಾಗೇ ಇದ್ದರೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು. ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ, ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಹಳೇ ರಬ್ಬರ್ ರಿಂಗುಗಳು ಎಥನಾಲಿಗೆ ಉಬ್ಬುತ್ತವೆ, ಬಿಚ್ಚಿದಾಗಲೇ ಹೊಸದು ಹಾಕಿಬಿಡಿ.

ಘಾಟಿ ಹತ್ತುವವರಿಗೆ ಒಂದು ಮಾತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಪೆಟ್ರೋಲ್ ಜಾಸ್ತಿಯಾದ ಹಾಗೆ ಆಗುತ್ತದೆ. ಆಗುಂಬೆಯ ಎತ್ತರಕ್ಕೆ ಏನೂ ಮುಟ್ಟಬೇಕಾಗಿಲ್ಲ. 1,900 ಮೀಟರ್ ದಾಟುವ ಮುಳ್ಳಯ್ಯನಗಿರಿಯಲ್ಲಿ ಗಾಡಿ ಸ್ವಲ್ಪ ಉಸಿರು ಕಟ್ಟಿದ ಹಾಗೆ ಮಾಡಿದರೆ ಗಾಬರಿ ಬೇಡ, ಇಳಿದ ಮೇಲೆ ಸರಿಯಾಗುತ್ತದೆ.

ಇನ್ನು ಗಾಳಿಯನ್ನು ಸುಳಿ ಮಾಡುತ್ತದೆ ಅಂತ ಮಾರುವ ತಗಡಿನ ರೆಕ್ಕೆ, ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ. ರೆಕ್ಕೆ ಗಾಳಿಗೆ ಅಡ್ಡ ಬರುತ್ತದೆ, ಅಯಸ್ಕಾಂತ ಪೆಟ್ರೋಲಿಗೆ ಏನೂ ಮಾಡುವುದಿಲ್ಲ. ಆ ದುಡ್ಡಿಗೆ ಹೊಸ ಏರ್ ಫಿಲ್ಟರ್ ಬರುತ್ತದೆ ಅಲ್ವಾ?

ಮಳೆಗಾಲಕ್ಕೆ ಗಾಡಿ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಲು ಬಿಡಿ, ಉಳಿದದ್ದನ್ನು ಡ್ರೈನ್ ಸ್ಕ್ರೂನಿಂದ ಇಳಿಸಿ. ಸ್ಕೂಟರಿಗೆ ಕಾಕ್ ಇಲ್ಲದಿದ್ದರೆ ಡ್ರೈನ್ ಒಂದೇ ದಾರಿ. ಕೊನೆಗೆ ಸಿಕ್ಕಿದ ಸ್ಕ್ರೂ ಸುತ್ತಿನ ಲೆಕ್ಕ ಮತ್ತು ಜೆಟ್ ನಂಬರನ್ನು ಸೀಟಿನ ಅಡಿಯಲ್ಲಿ ಮಾರ್ಕರ್‌ನಿಂದ ಬರೆದಿಡಿ, ಮುಂದೆ ಯಾವ ಗ್ಯಾರೇಜಿಗೆ ಕೊಟ್ಟರೂ ಅವರಿಗೆ ಅದನ್ನು ತೋರಿಸಿ.