ಪೊಲೀಸ್ ಬಲದ ಲೆಕ್ಕವನ್ನು ಮಾಹಿತಿ ಹಕ್ಕಿನಡಿ ಕೇಳುವ ಕ್ರಮ

ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು ಗೌರಿಬಿದನೂರು ಸೀಮೆ ಮರೆತಿಲ್ಲ. ಆದ್ದರಿಂದ ನೀರಿಗಾಗಿಯೋ ಜಮೀನಿಗಾಗಿಯೋ ಚಿಕ್ಕಬಳ್ಳಾಪುರದಲ್ಲಿ ಧರಣಿ ಕುಳಿತವರ ಎದುರು ಹೆಲ್ಮೆಟ್ ತೊಟ್ಟು, ಶೀಲ್ಡ್ ಹಿಡಿದ ತುಕಡಿ ಸಾಲಾಗಿ ನಿಂತಾಗ, ಇಷ್ಟು ಬಲ ಯಾರ ಅಪ್ಪಣೆಯಿಂದ ಬಂದಿತು ಎಂಬ ಪ್ರಶ್ನೆ ಇಲ್ಲಿಯವರ ಮನಸ್ಸಿನಲ್ಲಿ ಏಳುವುದು ಸಹಜ. ಬೀಟ್ ಪೊಲೀಸರಿಗೆ ಊರಿನವರ ಮುಖ ಗೊತ್ತು, ಹೊರಗಿನಿಂದ ಬಂದೋಬಸ್ತ್‌ಗೆ ಬಂದವರಿಗೆ ಗೊತ್ತಿಲ್ಲ. ದೂರು ಕೊಡಲು ಠಾಣೆಯ ಮೆಟ್ಟಿಲು ಹತ್ತಬೇಕಾದವರು ಹಿಂಜರಿಯುವಂತಾದರೆ ಅದು ಪೊಲೀಸರಿಗೂ ನಷ್ಟವೆಂದೇ ನನ್ನ ನಂಬಿಕೆ.

ಆ ಪ್ರಶ್ನೆಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಕೇಳಬಹುದು. ಮೊದಲು ಯಾರನ್ನು ಕೇಳಬೇಕೆಂದು ತಿಳಿಯಬೇಕು. ಜಿಲ್ಲಾ ಸಶಸ್ತ್ರ ಮೀಸಲು ಪಡೆ (ಡಿಎಆರ್) ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಅಧೀನದಲ್ಲಿರುತ್ತದೆ. ಕರ್ನಾಟಕ ರಾಜ್ಯ ಮೀಸಲು ಪೊಲೀಸ್ (ಕೆಎಸ್‌ಆರ್‌ಪಿ) ತುಕಡಿಗಳು ತಮ್ಮದೇ ಬೆಟಾಲಿಯನ್‌ಗಳಿಗೆ ಸೇರಿರುತ್ತವೆ. ಕಚೇರಿ ತಪ್ಪಿದರೂ ಅರ್ಜಿಯನ್ನು 5 ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅಧಿಕಾರಿಯ ಹೊಣೆ.

ಅರ್ಜಿಗೆ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮಗಳ ಪ್ರಕಾರ ಅದು ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. ಹಲವು ಪ್ರಶ್ನೆಗಳನ್ನು ತುರುಕಿದ ಅರ್ಜಿ ಹಿಂದಿರುಗುವ ಸಂಭವವಿದೆ. "ಏಕೆ ಹೊಡೆದಿರಿ" ಎಂದು ಕೇಳಿದರೆ ಉತ್ತರ ಬಾರದು, ಏಕೆಂದರೆ ಕಾಯ್ದೆ ಕೊಡಿಸುವುದು ಕಡತದಲ್ಲಿರುವುದನ್ನು ಮಾತ್ರ. ಹಾಗಾಗಿ ಇಂಥ ದಿನಾಂಕದಂದು ಇಂಥ ಸ್ಥಳದಲ್ಲಿ ಗುಂಪು ಚದುರಿಸಲು ಆದೇಶ ಕೊಟ್ಟ ಅಧಿಕಾರಿಯ ಹುದ್ದೆ, ಆ ಆದೇಶದ ನಕಲು, ಬಳಸಿದ ಅಶ್ರುವಾಯು ಶೆಲ್‌ಗಳ ಸಂಖ್ಯೆ ಎಂದು ಬಿಡಿಸಿ ಬರೆಯಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಸೆಕ್ಷನ್ ಪ್ರಕಾರ ಚದುರುವಂತೆ ಮೊದಲು ಆಜ್ಞೆ ಕೊಡಬೇಕು, ಬಲಪ್ರಯೋಗ ಆಮೇಲಿನ ಮಾತು. ಆದ್ದರಿಂದ ಆಜ್ಞೆಯ ವಿವರವೇ ಮುಖ್ಯ. ಶೀಲ್ಡ್, ಡ್ರೋನ್ ಮುಂತಾದವುಗಳ ಖರೀದಿ ವೆಚ್ಚವನ್ನು ಬೇರೆ ಅರ್ಜಿಯಲ್ಲಿ, ಆರ್ಥಿಕ ವರ್ಷ ನಮೂದಿಸಿ ಕೇಳುವುದು ಒಳ್ಳೆಯದು.

ಉತ್ತರಕ್ಕೆ 30 ದಿನಗಳ ಗಡುವಿದೆ. ಭದ್ರತೆಯ ಕಾರಣ ಹೇಳಿ ಮಾಹಿತಿ ಹಕ್ಕು ಕಾಯ್ದೆಯ 8ನೇ ಸೆಕ್ಷನ್ನಿನಡಿ ನಿರಾಕರಿಸಿದರೆ, ಗೋಪ್ಯ ಭಾಗವನ್ನು ತೆಗೆದು ಉಳಿದದ್ದನ್ನು ಕೊಡಬೇಕೆನ್ನುವ ಅದೇ ಕಾಯ್ದೆಯ 10ನೇ ಸೆಕ್ಷನ್ನನ್ನು ಉಲ್ಲೇಖಿಸಿ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.

ಪೆಟ್ಟು ತಿಂದವರು ಮಾತ್ರ ಈ ಉತ್ತರಗಳಿಗೆ ಕಾಯುತ್ತ ಕೂರಬಾರದು. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗಾಯ ಹೇಗಾಯಿತೆಂದು ವೈದ್ಯರ ಬಳಿ ಹೇಳಿ ಬರೆಸಿಕೊಂಡು, ಆ ದಾಖಲೆಯೊಂದಿಗೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಸಲ್ಲಿಸಬೇಕು. ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ.